ಅಟ್ಟ ಹತ್ತಿದ ವೈಫೈ

ಇಪ್ಪತ್ತಾರು ವರ್ಷ ಬೇರೆಯವರ ಉತ್ತರ ಪತ್ರಿಕೆಗಳಲ್ಲಿ ತಪ್ಪು ಹುಡುಕಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಲೋಕದಲ್ಲಿ ಏನೇ ಕೆಟ್ಟರೂ ಅದು ಬೇರೆ ಯಾರದೋ ಕೈಯಿಂದಲೇ ಕೆಟ್ಟಿರಬೇಕು ಎಂದು ಅವನಿಗೆ ಖಾತ್ರಿ. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಯ ತಪ್ಪು, ಬಸ್ಸು ತಪ್ಪಿದರೆ ಡ್ರೈವರನ ತಪ್ಪು, ಕನ್ನಡಕ ಸಿಗದಿದ್ದರೆ ಎತ್ತಿಟ್ಟವರ ತಪ್ಪು, ಅದು ಹಣೆಯ ಮೇಲೇ ಕೂತಿದ್ದರೂ. ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಈ ಕಾಯಿಲೆ ನನಗಿದೆ ಎಂಬುದನ್ನು ನನ್ನ ಹೆಂಡತಿ ಮಂಗಳ ಮದುವೆಯಾದ ಮೂರನೇ ವಾರದಲ್ಲೇ ಪತ್ತೆ ಮಾಡಿದ್ದಳು. ನನಗೆ ಗೊತ್ತಾದದ್ದು ಹೋದ ತಿಂಗಳು, ಅದೂ ಅಟ್ಟದ ಮೇಲೆ ತೆಂಗಿನಕಾಯಿಗಳ ನಡುವೆ ಮಂಡಿಯೂರಿ ಕೂತಿದ್ದಾಗ. ಅವತ್ತಿನಿಂದ ನಾಚಿಕೆ ಎಷ್ಟಿದೆಯೆಂದರೆ ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಊಟ ಸೇರುತ್ತಿಲ್ಲ. ನೀವು ನಮ್ಮ ಊರಿನವರಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಊರಿನವರೇ ಆಗಿದ್ದರೆ ನಿಮಗೆ ಆಗಲೇ ಗೊತ್ತಿರುತ್ತದೆ ಬಿಡಿ.

ಎಲ್ಲಕ್ಕೂ ಮೂಲ, ಫೋನು, ಇಂಟರ್‌ನೆಟ್ಟು, ಟೀವಿ, ಮೊಬೈಲು ಈ ನಾಲ್ಕನ್ನೂ ಒಂದೇ ಕಂಪನಿಯಿಂದ ಒಂದೇ ಗಂಟಿನಲ್ಲಿ ತೆಗೆದುಕೊಳ್ಳಬೇಕೆಂದು ನಾನು ಮಾಡಿದ ತೀರ್ಮಾನ. ಅದಕ್ಕೆ ಮೊದಲು ನಾಲ್ಕೂ ಬೇರೆಬೇರೆಯಾಗಿದ್ದವು. ನಮ್ಮ ತಂದೆಯ ಕಾಲದ ಲ್ಯಾಂಡ್‌ಲೈನು ಗೋಡೆಯ ಗೂಡಿನಲ್ಲಿ ಕೂತಿತ್ತು. ಅದು ಕೆಟ್ಟರೆ ಒಬ್ಬರು ಲೈನ್‌ಮನ್ನು ಬರುತ್ತಿದ್ದರು. ಮೊಬೈಲಿಗೆ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿ. ಇಂಟರ್‌ನೆಟ್ಟಿಗೆ ಡಾಂಗಲ್ ಎಂಬ ಒಂದು ಸಣ್ಣ ಕಡ್ಡಿ ಇತ್ತು, ಅದನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ್ದೆವು. ಟೀವಿಗೆ ಲೋಕಣ್ಣ. ನಮ್ಮ ಮನೆಯಿರುವ ಹಾಲ್ಕುರಿಕೆ ರಸ್ತೆಯ ಅಷ್ಟೂ ಮನೆಗಳಿಗೆ ಲೋಕಣ್ಣ ತೆಂಗಿನ ಮರದಿಂದ ಮರಕ್ಕೆ ಕೇಬಲ್ ಎಳೆದಿದ್ದ. ಗರಿ ಬಿದ್ದು ವೈರು ಕಡಿದರೆ, ಧಾರಾವಾಹಿಯ ನಡುವೆ ಜಾಹೀರಾತು ಮುಗಿಯುವುದರೊಳಗೆ ಸ್ಕೂಟರಿನಲ್ಲಿ ಬಂದು ಗಂಟು ಹಾಕಿ ಹೋಗುತ್ತಿದ್ದ. ಈಗ ಯೋಚಿಸಿದರೆ ಆ ಏರ್ಪಾಡಿನ ದೊಡ್ಡ ಲಾಭ ಹೊಳೆಯುತ್ತದೆ. ನನ್ನ ಬೈಗುಳ ನಾಲ್ಕು ಜನರಿಗೆ ಹಂಚಿಹೋಗುತ್ತಿತ್ತು. ಒಬ್ಬೊಬ್ಬರಿಗೂ ತಡೆದುಕೊಳ್ಳುವಷ್ಟೇ ಬೀಳುತ್ತಿತ್ತು.

ಒಂದೇ ಗಂಟಿನ ಯೋಜನೆಯ ಕಾಗದ ಪೇಪರಿನ ಮಡಿಕೆಯಲ್ಲಿ ಬಂತು. ನಾನು ಅದನ್ನು ಎರಡು ದಿನ ಅಭ್ಯಾಸ ಮಾಡಿದೆ. ಮಂಗಳನನ್ನು ಕೂರಿಸಿಕೊಂಡು, ಒಂದು ವೈರು, ಒಂದು ಬಿಲ್ಲು, ಒಂದು ದೂರು ಸಂಖ್ಯೆ ಎಂದು ಪಾಠ ಮಾಡಿದೆ. ಅವಳು ಸೊಪ್ಪು ಸೋಸುತ್ತ ಕೇಳಿದಳು. "ಅಲ್ಲಾ ಕಣ್ರೀ, ಒಂದೇ ವೈರಾದ್ರೆ ಒಂದು ಕೆಟ್ರೆ ನಾಲ್ಕೂ ಕೆಟ್ಟಂಗಲ್ವಾ? ನಿಮ್ಮಪ್ಪ ಒಂದು ಕಾಯಿ ತಗಳ್ಳೋಕೂ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡೋರು. ನೀವು ಅಲ್ಲಾಡಿಸದೇನೇ ಗುಡ್ಡೆಗೆ ಗುಡ್ಡೇನೇ ತಗತಾ ಇದೀರಲ್ಲ" ಎಂದಳು. ವಿಜ್ಞಾನ ಓದದವರ ಅನುಮಾನಗಳು ಹೀಗೇ ಇರುತ್ತವೆ ಎಂದು ನಕ್ಕುಬಿಟ್ಟೆ. ಕೇಬಲ್ ಬೇಡವೆಂದು ಹೇಳಲು ಲೋಕಣ್ಣನನ್ನು ಕರೆಸಿದಾಗ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. "ಕಾಲ ಬದಲಾಯ್ತು ಲೋಕಣ್ಣ, ಮರಕ್ಕೆ ವೈರು ಕಟ್ಟೋ ಕಾಲ ಮುಗೀತು, ನೀನೂ ಹೊಸದೇನಾದರೂ ಕಲಿ" ಎಂದು ಉಪದೇಶ ಮಾಡಿದೆ. ಹದಿನೆಂಟು ವರ್ಷ ಅವನು ಎಳೆದ ವೈರಿನಲ್ಲೇ ಟೀವಿ ನೋಡಿದವನು ನಾನು. ಲೋಕಣ್ಣ, "ಆಯ್ತು ಬುಡಿ ಮೇಷ್ಟ್ರೇ" ಎಂದು ತನ್ನ ಡಬ್ಬಿ ಬಿಚ್ಚಿಕೊಂಡು, ಗೋಡೆಯ ತೂತಿಗೆ ಒಂದು ಚೂರು ಸಿಮೆಂಟು ಮೆತ್ತಿ ಹೋದ. ಬೀದಿಯಲ್ಲಿ ಅವನನ್ನು ಮೊದಲು ಬಿಟ್ಟವರು ನಾವು. ಮೇಷ್ಟ್ರೇ ಬಿಟ್ಟ ಮೇಲೆ ಇನ್ನೇನು ಎಂದು ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು.

ಹೊಸ ಕಂಪನಿಯವರು ವೈರು ತಂದು, ವೈಫೈ ಕೊಡುವ ಬಿಳಿ ಡಬ್ಬಿಯನ್ನು ಎಲ್ಲಿ ಇಡಬೇಕೆಂದು ಕೇಳಿದರು. "ಟೀವಿ ಪಕ್ಕ ಇಡಿ" ಎಂದಳು ಮಂಗಳ. "ಅಟ್ಟದ ಮೇಲೆ" ಎಂದೆ ನಾನು. ನಮ್ಮದು ಹಳೆಯ ಮನೆ. ನಡುಮನೆಯ ಮೇಲೆ ಉದ್ದಕ್ಕೂ ಮರದ ಅಟ್ಟ, ಕೊಬ್ಬರಿಗೆಂದೇ ನಮ್ಮ ತಾತ ಹಾಕಿಸಿದ್ದು. ತಿಪಟೂರಿನ ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವಾಗ ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಕಂಪನಿಯವರು ಬಂದ ದಿನ ಹಿಂದಿನ ವರ್ಷದ ಕೊಬ್ಬರಿ ಮಾರಿ ಅಟ್ಟ ಖಾಲಿಯಾಗಿತ್ತು. ನಾನು ಟೇಪು ಹಿಡಿದು ಅಳೆದು, ಮನೆಯ ಎಲ್ಲ ಕೋಣೆಗಳಿಗೂ ಸಮಾನ ದೂರವಿರುವ ಬಿಂದುವನ್ನು ಅಟ್ಟದ ನಟ್ಟನಡುವೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ದೀಪ ಎತ್ತರದಲ್ಲಿದ್ದರೆ ಬೆಳಕು ದೂರ ಹರಡುತ್ತದೆ ಎಂದು ಕಂಪನಿಯವರಿಗೂ ಪಾಠ ಮಾಡಿದೆ. ಅವರಿಗೆ ಮಾಯಸಂದ್ರದಲ್ಲಿ ಇನ್ನೊಂದು ಮನೆಯ ಕೆಲಸವಿತ್ತು. ತಲೆಯಾಡಿಸಿ, ನಾನು ಹೇಳಿದಲ್ಲೇ ಇಟ್ಟು ಹೋದರು.

ಮೊದಲ ಇಪ್ಪತ್ತು ದಿನ ಸ್ವರ್ಗ. ಟೀವಿಯಲ್ಲಿ ಧಾರಾವಾಹಿಯ ಅತ್ತೆಯ ಮೂಗುಬೊಟ್ಟಿನ ಹರಳು ಎಣಿಸಬಹುದಿತ್ತು. ಒಂದೇ ಒಂದು ತೊಂದರೆ. ಲ್ಯಾಂಡ್‌ಲೈನ್ ಫೋನನ್ನು ಆ ಬಿಳಿ ಡಬ್ಬಿಗೇ ಸಿಕ್ಕಿಸಬೇಕಿದ್ದರಿಂದ ಅದೂ ಅಟ್ಟ ಹತ್ತಿತ್ತು. ಫೋನು ಬಂದರೆ ಏಣಿ ಹತ್ತಬೇಕು. ಮಂಗಳನ ಅಣ್ಣ ತುರುವೇಕೆರೆಯಿಂದ ಫೋನು ಮಾಡಿ, "ಏನವ್ವಾ, ಯಾಕಿಂಗೆ ಏದುಸಿರು ಬಿಡ್ತಾ ಇದೀಯಾ, ಹುಷಾರಿಲ್ವಾ?" ಎಂದು ಕೇಳಿದರೆ, ಅವಳು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ಸೆರಗಲ್ಲಿ ಜೇಡರ ಬಲೆ ಒರೆಸಿಕೊಳ್ಳುತ್ತ, "ಹುಷಾರಾಗೇ ಇದೀನಿ ಕಣಣ್ಣಾ, ನಿಮ್ಮ ಭಾವ ವಿಜ್ಞಾನ ಮಾಡವ್ರೆ" ಎನ್ನುತ್ತಿದ್ದಳು.

ಇಪ್ಪತ್ತೊಂದನೇ ದಿನ ತೋಟದಲ್ಲಿ ಕಾಯಿ ಕೆಡವಿಸಿದೆವು. ಅಟ್ಟ ತುಂಬಿತು. ಡಬ್ಬಿಯ ಸುತ್ತ ನಾಲ್ಕು ಕಡೆಯೂ ಕಾಯಿ ಒಟ್ಟಿ, ಮೇಲೊಂದು ಹಲಗೆ ಅಡ್ಡ ಇಟ್ಟು, ಅದರ ಮೇಲೂ ಕಾಯಿ ಹಾಕಿಸಿದೆ. ಅಂದಿನಿಂದ ನಮ್ಮ ಟೀವಿಯಲ್ಲಿ ಆ ಅತ್ತೆ ಬಾಯಿ ತೆರೆದವಳು ತೆರೆದುಕೊಂಡೇ ನಿಲ್ಲತೊಡಗಿದಳು. ಇಂಟರ್‌ನೆಟ್ಟು ಸುತ್ತುವ ಚಕ್ರವಷ್ಟೇ ಆಯಿತು. ದಪ್ಪ ಮಣ್ಣಿನ ಗೋಡೆಯೊಳಗೆ ಮೊದಲಿನಿಂದಲೂ ಸಿಗ್ನಲ್ ಕಾಣದ ಮೊಬೈಲು ವೈಫೈ ನಂಬಿಕೊಂಡೇ ಮಾತಾಡುತ್ತಿದ್ದರಿಂದ ಅದೂ ಮೂಕವಾಯಿತು. ಏಣಿ ಹತ್ತಿ ಹಿಡಿಯುವ ಲ್ಯಾಂಡ್‌ಲೈನ್ ಒಂದು ಮಾತ್ರ ನೆಟ್ಟಗಿತ್ತು. ನನಗೆ ಕಾರಣ ತಕ್ಷಣ ಹೊಳೆಯಿತು. ಕಂಪನಿಯವರು ಮೊದಲ ತಿಂಗಳು ರುಚಿ ತೋರಿಸಿ ಆಮೇಲೆ ವೇಗ ಕತ್ತರಿಸುತ್ತಾರೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನು ಅರ್ಜಿ ಬರೆದು, ಸಹಿ ಹಾಕಿ ಅಂದವನು.

ದೂರು ಕೊಟ್ಟೆ. ಮಾರನೇ ದಿನ ಕಂಪನಿಯ ನೀಲಿ ಅಂಗಿ ತೊಟ್ಟು ಗೇಟು ತೆಗೆದವನು ಲೋಕಣ್ಣ. ಬೀದಿಯವರೆಲ್ಲ ಕೇಬಲ್ ಬಿಟ್ಟ ಮೇಲೆ ಅವನ ವ್ಯಾಪಾರ ಮುಚ್ಚಿತ್ತು. ಅದೇ ಕಂಪನಿಗೆ ವರ್ಷದ ಗುತ್ತಿಗೆಯ ಮೇಲೆ ರಿಪೇರಿ ಕೆಲಸಕ್ಕೆ ಸೇರಿದ್ದ. "ನೀವೇ ಹೇಳಿದ್ರಲ್ಲ ಮೇಷ್ಟ್ರೇ, ಹೊಸದು ಕಲಿ ಅಂತ" ಎಂದು ನಕ್ಕ. ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ, ನನಗೇ ಚುಚ್ಚಿತು. ಚುಚ್ಚಿದ್ದಕ್ಕೆ ನಾಚಿಕೆಪಡಬೇಕಾದವನು ಸಿಟ್ಟು ಮಾಡಿಕೊಂಡೆ. ಅವನು ಮೊದಲ ಸಲ ವೈರು ನೋಡಿದ, ಸರಿಯಿತ್ತು. ಎರಡನೇ ಸಲ ಹೊಸ ಡಬ್ಬಿ ತಂದುಕೊಟ್ಟ, ನಾನೇ ಅಟ್ಟ ಹತ್ತಿ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ಮೂರನೇ ಸಲ ಏಣಿ ಹತ್ತಿ, ಅಟ್ಟದೊಳಗೆ ತಲೆ ಹಾಕಿ, ಎರಡು ನಿಮಿಷ ಸುಮ್ಮನೆ ನೋಡಿ ಇಳಿದ. "ಮೇಷ್ಟ್ರೇ, ಒಂದು ಮಾತು. ಈ ಕಾಯಿ..." ಎಂದು ಶುರು ಮಾಡಿದ. ನಾನು ಮುಂದಕ್ಕೆ ಬಿಡಲಿಲ್ಲ. "ಕಾಯಿ ವಿಷಯ ನನಗೆ ಹೇಳಬೇಡ, ಮೂರು ತಲೆಮಾರಿಂದ ಕಾಯಿ ಕಂಡ ಮನೆ ಇದು. ಅಲೆಗಳ ವಿಷಯಾನೂ ಹೇಳಬೇಡ, ಅದು ನನ್ನ ಹೊಟ್ಟೆಪಾಡು. ನಿನ್ನ ಕಂಪನಿಗೆ ವೇಗ ಬಿಡೋಕೆ ಹೇಳು" ಎಂದೆ. ಜಗಲಿಯಲ್ಲಿ ನಿಲ್ಲಿಸಿಕೊಂಡು ಕಾಲು ಗಂಟೆ ತರಂಗಗಳ ಪಾಠ ಮಾಡಿದೆ. ಲೋಕಣ್ಣ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಕೇಳಿಸಿಕೊಂಡ. ಕಾಫಿ ತಂದ ಮಂಗಳ ಲೋಟ ಅವನ ಕೈಗೆ ಕೊಟ್ಟು, ನನ್ನ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದಳು.

ಅವತ್ತು ಸಂಜೆ ಅಂಗಳಕ್ಕೆ ಬಂದಾಗ ಒಂದು ಗಳಿಗೆ ಸಿಗ್ನಲ್ ಸಿಕ್ಕಿ, ಕಂಪನಿಯಿಂದ ಮೊಬೈಲಿಗೆ ಸಂದೇಶ ಬಂತು, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಬೀದಿಯ ತುದಿಗೆ ನಡೆದು ಹೋಗಿ, ಸಿಗ್ನಲ್ ಸಿಗುವ ಕಲ್ಲುಚಪ್ಪಡಿಯ ಮೇಲೆ ನಿಂತು ಒಂದು ನಕ್ಷತ್ರ ಒತ್ತಿದೆ. ಸೊನ್ನೆ ಕೊಡಲು ಅವಕಾಶವಿರಲಿಲ್ಲ, ಅದಕ್ಕೂ ಬೈದುಕೊಂಡೆ. ಅಷ್ಟಕ್ಕೇ ಬಿಡದೆ ಒಂದು ಕಾಗದವನ್ನೂ ಬರೆದೆ. ಅದರ ಒಂದು ವಾಕ್ಯ ಈಗಲೂ ಬಾಯಿಪಾಠವಿದೆ. "ಈ ವ್ಯಕ್ತಿಗೆ ಮೂಲಭೂತ ವೈಜ್ಞಾನಿಕ ಜ್ಞಾನವೂ ಇರುವಂತೆ ತೋರುವುದಿಲ್ಲ." ಬರೆದು ಮುಗಿಸಿ, ವಾಕ್ಯ ಚೆನ್ನಾಗಿ ಬಂದಿದೆಯೆಂದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ ಕೂಡ.

ಆಮೇಲೆ ಒಂದು ವಿಚಿತ್ರ ನಡೆಯಿತು. ಮೂರು ನಾಲ್ಕು ತಿಂಗಳು ಕಳೆದಂತೆ ಎಲ್ಲ ನಿಧಾನವಾಗಿ ಸುಧಾರಿಸತೊಡಗಿತು. ಬಾಯಿ ತೆರೆದ ಅತ್ತೆ ಅರ್ಧ ನಿಮಿಷಕ್ಕೆ ಮುಚ್ಚಿದಳು, ಆಮೇಲೆ ಹತ್ತು ಸೆಕೆಂಡಿಗೆ, ಆಮೇಲೆ ಸರಾಗವಾಗಿ ಜಗಳವಾಡತೊಡಗಿದಳು. ನಾನು ಸ್ಟಾಫ್ ರೂಮಿನಲ್ಲಿ ಕುರ್ಚಿ ಹಿಂದಕ್ಕೆ ವಾಲಿಸಿ, "ಒಂದು ಕಾಗದ ಬರೆದೆ ನೋಡಿ, ಹೆಂಗೆ ದಾರಿಗೆ ಬಂದ್ರು" ಎಂದು ಹೇಳಿದೆ. ದೂರು ಬರೆಯುವ ಕಲೆಯ ಬಗ್ಗೆ ಇಬ್ಬರು ಸಹೋದ್ಯೋಗಿಗಳಿಗೆ ಸಲಹೆಯನ್ನೂ ಕೊಟ್ಟೆ. ಅದೇ ತಿಂಗಳುಗಳಲ್ಲಿ ಅಟ್ಟದ ಮೇಲೆ ಏನು ನಡೆಯುತ್ತಿತ್ತೆಂದು ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ನಾನು ಯಾರನ್ನೂ ಕೇಳಲಿಲ್ಲ.

ಈ ವರ್ಷ ಕೊಬ್ಬರಿ ಇಳಿಸಿ ಮಾರಿದೆವು. ಒಂದು ವಾರ ಅಟ್ಟ ಖಾಲಿ. ಟೀವಿ ಮತ್ತೆ ಮೂಗುಬೊಟ್ಟಿನ ಮಟ್ಟಕ್ಕೆ ಬಂದಿತ್ತು. ಆ ವಾರವೇ ಮಂಗಳ ಹಿಟ್ಟಿನ ಮಿಲ್ಲಿನಿಂದ ಬಂದವಳು ರಾಗಿ ಹಿಟ್ಟಿನ ಡಬ್ಬ ಕೆಳಗಿಡುವುದಕ್ಕೂ ಮೊದಲು, "ಲೋಕಣ್ಣನ ಹೆಂಡ್ತಿ ಸಿಕ್ಕಿದ್ಲು. ಈ ತಿಂಗಳ ಕೊನೆಗೆ ಅವನ ಗುತ್ತಿಗೆ ಮುಗಿಯುತ್ತಂತೆ. ಮುಂದುವರಿಸೋದು ಅನುಮಾನವಂತೆ. ಯಾವುದೋ ಮನೆಯವರು ಕಾಗದ ಬರೆದವ್ರಂತೆ, ಇವನಿಗೆ ಏನೂ ಗೊತ್ತಿಲ್ಲ ಅಂತ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೆ ಹೋಗಲಿಲ್ಲ, ಪೇಪರಿಗೆ ಹೋಯಿತು. ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡು, "ಯಾರೋ ಏನೋ, ಸುಮ್ಮಸುಮ್ಮನೆ ಯಾರೂ ಬರೆಯಲ್ಲ ಬಿಡು" ಎಂದೆ. "ಲೋಕಣ್ಣ ಹೆಸರು ಹೇಳಿಲ್ವಂತೆ" ಎಂದಳು ಮಂಗಳ. ಹಿಟ್ಟಿನ ಡಬ್ಬವನ್ನು ಸೊಂಟಕ್ಕೆ ಏರಿಸಿಕೊಂಡು, "ನಾನೂ ಹೇಳಲಿಲ್ಲ" ಎಂದು ಒಳಗೆ ಹೋದಳು.

ಮೂರು ದಿನದ ಮೇಲೆ ಹೊಸ ಕಾಯಿ ಅಟ್ಟಕ್ಕೆ ಹಾಕಿಸುತ್ತಿದ್ದೆ. ಆಳುಗಳು ಮಂಕರಿಯಲ್ಲಿ ಹೊತ್ತು ತಂದು ಏಣಿಯ ಮೇಲೆ ಕೊಡುವುದು, ನಾನು ಮೇಲೆ ಕೂತು ಡಬ್ಬಿಯ ಸುತ್ತ ಸುರಿಸಿಕೊಂಡು ಒಟ್ಟುವುದು. ಕೆಳಗೆ ಮಂಗಳ ಟೀವಿ ಹಾಕಿಕೊಂಡು ಬಟ್ಟೆ ಮಡಿಸುತ್ತಿದ್ದಳು. ಸುಮಾರು ಮೂವತ್ತು ಮಂಕರಿ ಆಗಿರಬಹುದು, ಕೆಳಗಿಂದ ಕೂಗು ಬಂತು. "ರೀ, ಅದೇನು ಮಾಡ್ತಾ ಇದೀರಾ ಮೇಲೆ? ನೀವು ಒಂದೊಂದು ಮಂಕರಿ ಸುರಿದಂಗೂ ಇಲ್ಲಿ ಅತ್ತೆ ಬಾಯಿ ತೆರಕೊಂಡು ನಿಂತ್ಕತಾಳೆ!"

"ಕಂಪನಿಯವರು ಮತ್ತೆ ಶುರು ಮಾಡಿದ್ರು ನೋಡು" ಎಂದೆ, ಅಭ್ಯಾಸಬಲ.

"ಕಂಪನಿಯವರಿಗೆ ನೀವು ಮಂಕರಿ ಸುರಿಯೋದು ಕಾಣುತ್ತೇನ್ರೀ?" ಎಂದಳು.

ಏಣಿಯ ಮೇಲಿದ್ದ ಆಳು ಕಿಸಕ್ಕನೆ ನಕ್ಕ. ನಾನು ನಗಲಿಲ್ಲ. ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ನಮ್ಮ ಕಡೆಯವರ ಕೈಗೆ ಕಾಯಿ ಬಂದರೆ ಅದು ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ, ತಾನಾಗಿ ಅಲ್ಲಾಡುತ್ತದೆ. ಅಲ್ಲಾಡಿಸಿದೆ. ಒಳಗೆ ಗುಳಗುಳ ಎಂದಿತು. ನೀರು. ಪಕ್ಕದ್ದನ್ನು ಎತ್ತಿ ಅಲ್ಲಾಡಿಸಿದೆ. ನೀರು. ನನ್ನ ಸುತ್ತ ಎದೆಮಟ್ಟಕ್ಕೆ ನೂರಾರು ಕಾಯಿ, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಲೋಟ ನೀರು, ನಡುವೆ ಆ ಬಡಪಾಯಿ ಡಬ್ಬಿ. ಪ್ರತಿ ವರ್ಷ ಹತ್ತನೇ ತರಗತಿಯಲ್ಲಿ ನಾನೇ ಕೇಳುವ ಪ್ರಶ್ನೆ ಒಂದಿದೆ: ಮೈಕ್ರೋವೇವ್ ಓವನ್ನಿನಲ್ಲಿ ಅನ್ನ ಬಿಸಿಯಾಗುವುದು ಹೇಗೆ? ಉತ್ತರ: ಮೈಕ್ರೋವೇವ್ ಅಲೆಗಳನ್ನು ಅನ್ನದಲ್ಲಿರುವ ನೀರು ಹೀರಿಕೊಳ್ಳುವುದರಿಂದ. ವೈಫೈ ಅದೇ ಜಾತಿಯ ಅಲೆ. ಈ ಉತ್ತರ ಬರೆಯದ ಎಷ್ಟು ಮಕ್ಕಳಿಗೆ ನಾನು ಸೊನ್ನೆ ಕೊಟ್ಟಿಲ್ಲ! ಕಂಪನಿ ವೇಗ ಕತ್ತರಿಸಿರಲಿಲ್ಲ, ನನ್ನ ಕಾಯಿ ಕುಡಿದಿದ್ದವು. ಆಮೇಲೆ ಸುಧಾರಿಸಿದ್ದು ನನ್ನ ಕಾಗದದಿಂದಲ್ಲ, ಕಾಯೊಳಗಿನ ನೀರು ಇಂಗಿದ್ದರಿಂದ. ದಾರಿಗೆ ಬಂದದ್ದು ಕಂಪನಿಯಲ್ಲ, ಕೊಬ್ಬರಿ. ಮಂಡಿಯೂರಿ ಕೂತಲ್ಲೇ ಮುಖ ಬಿಸಿಯಾಯಿತು. ಲೋಕಣ್ಣ ಏಣಿಯ ಮೇಲೆ ನಿಂತು ಎರಡು ನಿಮಿಷ ನೋಡಿದ್ದು ಏನನ್ನು, "ಈ ಕಾಯಿ..." ಎಂದು ಹೇಳಹೊರಟಿದ್ದು ಏನನ್ನು ಎಂದು ಆಗ ತಿಳಿಯಿತು. ಮೂಲಭೂತ ವೈಜ್ಞಾನಿಕ ಜ್ಞಾನ ಎಂಬ ಮೂರು ಪದ ಅಟ್ಟದ ಕತ್ತಲಲ್ಲಿ ನನ್ನನ್ನೇ ನೋಡುತ್ತಿದ್ದವು.

ಸಂಜೆ ಲೋಕಣ್ಣನ ಮನೆಗೆ ಹೋದೆ. ಹೋಗುವ ದಾರಿಯಲ್ಲಿ ಎರಡು ಸಲ ಬೈಕು ತಿರುಗಿಸಿದೆ, ಎರಡು ಸಲವೂ ಮಂಗಳನ ಮುಖ ನೆನೆದು ಮತ್ತೆ ತಿರುಗಿಸಿದೆ. ಲೋಕಣ್ಣ ಜಗಲಿಯಲ್ಲಿ ಕೂತು ಹಳೆಯ ಕೇಬಲ್ಲನ್ನು ಸುರುಳಿ ಸುತ್ತುತ್ತಿದ್ದ. ಗುತ್ತಿಗೆ ಹೋದರೆ ಗುಜರಿಗೆ ಹಾಕಲು ಎಂದು ಆಮೇಲೆ ಗೊತ್ತಾಯಿತು. ಎದ್ದು ನಿಂತು, "ಬನ್ನಿ ಮೇಷ್ಟ್ರೇ, ಕೆಟ್ಟೋಯ್ತಾ ಮತ್ತೆ?" ಎಂದ.

"ಕೆಟ್ಟಿದ್ದು ವೈಫೈ ಅಲ್ಲ ಲೋಕಣ್ಣ. ಆ ಕಾಗದ ಬರೆದವನು ನಾನು" ಎಂದೆ.

"ಗೊತ್ತು ಬುಡಿ. ಆಫೀಸಲ್ಲಿ ಓದಿ ಹೇಳಿದ್ರು. ಅಷ್ಟು ಚೆನ್ನಾಗಿ ಕನ್ನಡ ಬರೆಯೋರು ನಮ್ಮ ಬೀದೀಲಿ ಇನ್ಯಾರವ್ರೆ?"

"ಕಾಯಿಂದ ಹಿಂಗಾಗ್ತಿದೆ ಅಂತ ನಿನಗೆ ಗೊತ್ತಿತ್ತಾ?"

"ನೋಡಿದ್ ತಕ್ಷಣ ಗೊತ್ತಾಯ್ತು. ಆ ಕಡೆ ಹಳ್ಳೀಲೂ ಎರಡು ಮನೇಲಿ ಕಾಯಿ ರಾಶಿ ಮಧ್ಯ ಇಟ್ಕಂಡು ಹಿಂಗೇ ಒದ್ದಾಡ್ತಿದ್ರು. ಈಚೆಗೆ ತೆಗೆದಿಟ್ಟೆ, ಸರಿಹೋಯ್ತು. ಯಾಕೆ ಏನು ಅಂತ ನಂಗೊತ್ತಿಲ್ಲ ಸಾ, ನಾನು ಓದಿಲ್ಲ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಲೋಕಣ್ಣ ಸುರುಳಿ ಕೆಳಗಿಟ್ಟ. "ಹೇಳಕ್ಕೆ ಬಂದೆ. ನೀವು ಪಾಠ ಮಾಡಿದ್ರಿ" ಎಂದ. "ಚೆನ್ನಾಗಿ ಮಾಡಿದ್ರಿ" ಎಂದೂ ಸೇರಿಸಿದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವನ ಕೈ ಹಿಡಿದುಕೊಂಡು ತಪ್ಪಾಯ್ತು ಎಂದೆ. ಹೀಗೆ ಅನ್ನುವುದು ಅಭ್ಯಾಸವಿಲ್ಲದ್ದರಿಂದ ಮಾತು ತೊದಲಿತು. "ಅಯ್ಯೋ, ಬುಡಿ ಮೇಷ್ಟ್ರೇ, ನಮ್ಮ ಮಗೀಗೆ ವಿಜ್ಞಾನ ಕಲಿಸಿದೋರು ನೀವು" ಎಂದ ಲೋಕಣ್ಣ. ಆ ಮಗು ಪಾಸಾಯಿತೋ ಇಲ್ಲವೋ ಕೇಳಲು ಧೈರ್ಯ ಬರಲಿಲ್ಲ.

ಮನೆಗೆ ಬಂದು ಏಣಿ ಹತ್ತಿ, ಅದರ ಮೇಲೆ ನಿಂತೇ ಲ್ಯಾಂಡ್‌ಲೈನಿನಿಂದ ಕಂಪನಿಗೆ ಫೋನು ಮಾಡಿದೆ. ನನ್ನ ದೂರು ತಪ್ಪು, ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಆ ಕಡೆಯ ಹೆಣ್ಣುಮಗಳು ಕಾಗದವನ್ನು ವಾಪಸು ಪಡೆಯಲು ಇನ್ನೊಂದು ಕಾಗದ ಬರೆಯಿರಿ ಎಂದಳು. "ಆದ್ರೆ ಸರ್, ಕೊಟ್ಟ ನಕ್ಷತ್ರ ಬದಲಾಯಿಸೋಕೆ ಬರಲ್ಲ. ಒಂದು ಮನೆಯ ಕೊನೆಯ ದೂರಿಗೆ ಕೊಟ್ಟ ನಕ್ಷತ್ರಾನೇ ಲೆಕ್ಕಕ್ಕೆ ಹೋಗೋದು. ಹೊಸ ದೂರು ಕೊಟ್ರೆ ಹೊಸ ನಕ್ಷತ್ರ ಕೊಡಬಹುದು. ಈಗ ನಿಮ್ಮ ಸಮಸ್ಯೆ ಏನು ಸರ್?" ಎಂದು ಕೇಳಿದಳು. ಸಮಸ್ಯೆಯನ್ನು ಅವಳಿಗೆ ಹೇಗೆ ಹೇಳುವುದು? ಡಬ್ಬಿ ಕಾಯಿ ನಡುವೆ ಸಿಕ್ಕಿಕೊಂಡಿದೆ ಎಂದೆ. ಅವಳು ಬೆಂಗಳೂರಿನವಳೋ ಎಲ್ಲಿಯವಳೋ, 'ಕಾಯಿ' ಎಂಬ ಪದವನ್ನು ಎರಡು ಸಲ ಕೇಳಿ, ಬರೆದುಕೊಂಡಳು.

ಮಾರನೇ ದಿನ ನೀಲಿ ಅಂಗಿ ತೊಟ್ಟು ಲೋಕಣ್ಣ ಬಂದ. ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಟೀವಿಯ ಪಕ್ಕ ಇಟ್ಟ. ಮಂಗಳ ಒಂದು ವರ್ಷದ ಹಿಂದೆ ಬೆರಳು ತೋರಿಸಿದ್ದ ಜಾಗದಲ್ಲೇ. ಕೆಲಸ ಹತ್ತು ನಿಮಿಷ. ಲ್ಯಾಂಡ್‌ಲೈನೂ ಕೆಳಗಿಳಿಯಿತು. ಮಂಗಳ ಕಾಫಿಯ ಜೊತೆ ಕೋಡುಬಳೆ ಇಟ್ಟಳು. ನಾನು ಏನೂ ಪಾಠ ಮಾಡಲಿಲ್ಲ. ಅದು ಎಷ್ಟು ಕಷ್ಟವಾಯಿತೆಂದು ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ಅಂದೇ ಎರಡನೇ ಕಾಗದ ಬರೆದೆ. ಅದರ ವಾಕ್ಯಗಳು ಮೊದಲಿನದರಷ್ಟು ಚೆನ್ನಾಗಿ ಬರಲಿಲ್ಲ, ಆದರೆ ಅಂಚೆಗೆ ಹಾಕಲು ದೊಡ್ಡ ಅಂಚೆ ಕಚೇರಿಯ ತನಕ ನಾನೇ ಹೋದೆ. ತಿಂಗಳ ಕೊನೆಗೆ ಲೋಕಣ್ಣನ ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ನನ್ನ ಕಾಗದದಿಂದಲೋ, ಅಥವಾ ಅಷ್ಟರಲ್ಲಿ ಮಂಗಳ ಬೀದಿಯ ಮನೆಮನೆಗೂ ಹೋಗಿ ಎಲ್ಲರಿಂದ ಐದೈದು ನಕ್ಷತ್ರ ಒತ್ತಿಸಿದ್ದರಿಂದಲೋ ಗೊತ್ತಿಲ್ಲ. ಸುಧಾರಣೆಗಳನ್ನು ನನ್ನ ಕಾಗದದ ಲೆಕ್ಕಕ್ಕೆ ಹಾಕಿಕೊಳ್ಳುವುದನ್ನು ಈಗ ಬಿಟ್ಟಿದ್ದೇನೆ.

ನಾಲ್ಕನ್ನೂ ಒಂದೇ ಗಂಟಿನಲ್ಲಿ ತೆಗೆದುಕೊಳ್ಳುವುದು ಲಾಭವೋ ನಷ್ಟವೋ ಎಂದು ಸ್ಟಾಫ್ ರೂಮಿನಲ್ಲಿ ಈಗಲೂ ಯಾರಾದರೂ ಕೇಳುತ್ತಾರೆ. ಲಾಭವೇ ಇರಬೇಕು. ಆದರೆ ಕೆಟ್ಟಾಗ ನಾಲ್ಕರ ಸಿಟ್ಟೂ ಒಬ್ಬನೇ ಮನುಷ್ಯನ ತಲೆಯ ಮೇಲೆ ಬೀಳುತ್ತದೆ, ಆ ಮನುಷ್ಯ ಲೋಕಣ್ಣನಾಗಿರುತ್ತಾನೆ ಎಂದು ಯೋಜನೆಯ ಕಾಗದದಲ್ಲಿ ಬರೆದಿರುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ಅವರು, ಮೇಷ್ಟ್ರಿಗೆ ವಯಸ್ಸಾಯ್ತು ಎಂದುಕೊಳ್ಳುತ್ತಾರೆ.

ಲೋಕಣ್ಣ ಡಬ್ಬಿ ಇಳಿಸಿ ಹೋದ ಸಂಜೆ ಮೊಬೈಲಿಗೆ ಅದೇ ಸಂದೇಶ ಬಂತು. ಈ ಸಲ ಬೀದಿಯ ತುದಿಗೆ ಹೋಗಬೇಕಾಗಲಿಲ್ಲ, ನಡುಮನೆಯಲ್ಲೇ ಕೂತು ಐದು ನಕ್ಷತ್ರ ಒತ್ತಿದೆ. ಅದು ಮುಗಿಯಲಿಲ್ಲ, ಇನ್ನೊಂದು ಪ್ರಶ್ನೆ ತೆರೆಯಿತು. ನಮ್ಮ ಸಿಬ್ಬಂದಿಯ ಭೇಟಿಯಿಂದ ಯಾವುದು ಸರಿಹೋಯಿತು? ಕೆಳಗೆ ಆಯ್ಕೆಗಳು: ಫೋನು, ಇಂಟರ್‌ನೆಟ್ಟು, ಟೀವಿ, ಮೊಬೈಲು, ಇತರೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಸರಿಯಾದ ಉತ್ತರ ಆರಿಸಿ ಎಂದವನು ಪರೀಕ್ಷೆಗೆ ಕೂತ ಹಾಗೆ ಬಹಳ ಹೊತ್ತು ನೋಡಿದೆ. ಮಂಗಳ ನನ್ನ ಭುಜದ ಮೇಲಿಂದ ಬಗ್ಗಿ ಓದಿ, ಅಲ್ಲೇ ನಿಂತಳು. ನಾನು 'ಇತರೆ' ಒತ್ತಿದೆ.